ಪಂಕ್ತಿಯಿಂದ ಏಳಲಾಗದ ಭಾನುವಾರ: ನನ್ನ ಮೈಕೈ ನೋವಿನ ಲೆಕ್ಕ

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ ವೇಟ್‌ಲಿಫ್ಟಿಂಗ್‌ನ 61 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 118, ಹೆಗಲಿಗೆ ತಂದು ಆಮೇಲೆ ಮೇಲೆತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 151, ಒಟ್ಟು 269 ಕೆ.ಜಿ. ಅದನ್ನು ಟಿ.ವಿ.ಯಲ್ಲಿ ನೋಡುತ್ತಾ ಕೂತಿದ್ದ ನನ್ನ ತೂಕ 74. ವಯಸ್ಸು 36. ಇಪ್ಪತ್ತು ಲೀಟರ್ ನೀರಿನ ಕ್ಯಾನನ್ನು ಮೂರನೇ ಮಹಡಿಗೆ ಹೊತ್ತರೆ ಎರಡು ಕಡೆ ಇಳಿಸಿ ಉಸಿರು ತಗೊಳ್ಳಬೇಕು. ಮುಂದಿನ ಶುಕ್ರವಾರವೇ ಜಿಮ್ ಸೇರಿದೆ.

ಮೊದಲ ದಿನವೇ ಕಾಲಿನ ವರ್ಕೌಟ್. 20 ಕೆ.ಜಿ.ಯ ಬಾರ್‌ಗೆ ಆ ಕಡೆ ಹತ್ತು, ಈ ಕಡೆ ಹತ್ತು ಹಾಕಿ 40 ಕೆ.ಜಿ. ಸ್ಕ್ವಾಟ್, ಅಂದರೆ ಬಾರನ್ನು ಹೆಗಲ ಮೇಲಿಟ್ಟು ಕೂತೇಳುವುದು, ಐದು ಸೆಟ್. ಆಮೇಲೆ ಮೆಷಿನ್‌ನಲ್ಲಿ ಕೂತು ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್. ಅದು ಮುಗಿದ ಮೇಲೆ ಜಿಮ್‌ನ ಈ ತುದಿಯಿಂದ ಆ ತುದಿಗೆ, ಒಂದೊಂದೇ ಕಾಲು ಮುಂದಿಟ್ಟು ಮಂಡಿ ಮಡಿಸುವ ಲಂಜಸ್, ಹೋಗಿ ಬಂದು ನಾಲ್ಕು ಸಲ. ಮಾಡಿಸಿದ ಟ್ರೈನರ್ ಇಪ್ಪತ್ಮೂರರ ಹುಡುಗ. "ನಾಳೆ ನೋವು ಬಂದರೆ ವರ್ಕೌಟ್ ಸರಿಯಾಗಿ ಬಿದ್ದಿದೆ ಅಂತ ಅರ್ಥ ಸಾರ್" ಅಂದ. ಶನಿವಾರ ಸ್ವಲ್ಪ ಬಿಗಿತ, ಅಷ್ಟೇ. ಇಷ್ಟೇನಾ ಅಂದುಕೊಂಡೆ.

ಭಾನುವಾರ ಮೈಸೂರಿನಲ್ಲಿ ಚಿಕ್ಕಪ್ಪನ ಮಗಳ ಮನೆಯ ಗೃಹಪ್ರವೇಶ. ರೈಲಿನಿಂದ ಇಳಿಯುವಾಗಲೇ ತೊಡೆ ಕೈಕೊಟ್ಟಿತು. ಊಟಕ್ಕೆ ಮಹಡಿಯ ಮೇಲೆ ಚಾಪೆ ಹಾಸಿ, ಎಲೆ ಹಾಕಿ, ನೆಲದ ಪಂಕ್ತಿ. ಹೇಗೋ ಧೊಪ್ಪಂತ ಕೂತೆ. ಊಟವೂ ಚೆನ್ನಾಗಿಯೇ ಆಯ್ತು. ಮಜ್ಜಿಗೆ ಮುಗಿಸಿ ಎಲ್ಲರೂ ಎದ್ದರು, ನಾನು ಏಳಲಿಲ್ಲ. ಏಳೋಕೆ ಆಗಲಿಲ್ಲ ಅನ್ನೋದು ಸರಿ. ಎರಡನೇ ಪಂಕ್ತಿಯವರು ಬಂದು ತಲೆಯ ಮೇಲೆ ನಿಂತಿದ್ದಾರೆ, ನಾನು ಎಂಜಲು ಕೈ ಎತ್ತಿಕೊಂಡು ಕೂತಿದ್ದೇನೆ. ಕೊನೆಗೆ ಚಿಕ್ಕಪ್ಪ ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು.

ಚಿಕ್ಕಪ್ಪ ವಯಸ್ಸಿನಲ್ಲಿ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ಕೈ ತೊಳೆಯುವ ಕಡೆ ನನ್ನ ಕಥೆ ಕೇಳಿ ನಕ್ಕರು. "ನಮ್ಮ ಉಸ್ತಾದರು ಹೊಸ ಹುಡುಗರಿಗೆ ಮೊದಲ ವಾರ ಅಖಾಡದ ಮಟ್ಟಿ ಅಗೆಯೋಕೆ ಹಚ್ಚೋರು. ಬಸ್ಕಿ ಇಪ್ಪತ್ತೇ. ಇಪ್ಪತ್ತೊಂದು ಹೊಡೆದರೆ ಬೈಗುಳ. ನೀನು ಒಂದೇ ದಿನದಲ್ಲಿ ಪೈಲ್ವಾನ್ ಆಗೋಕೆ ಹೋದ್ಯಾ?" ಅಂದರು. ಹಳೇ ಕಾಲದವರ ಮಾತು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನೋವಿದ್ದ ನಾಲ್ಕು ದಿನದಲ್ಲಿ ಒಂದು ವಿಚಿತ್ರ ಗಮನಿಸಿದ್ದೆ. ಮೆಟ್ರೋ ಮೆಟ್ಟಿಲು ಹತ್ತುವಾಗ ಹೇಗೋ ನಡೆಯುತ್ತಿತ್ತು. ಇಳಿಯುವಾಗ ಮಾತ್ರ ಕಂಬಿ ಹಿಡಿದು, ಅಡ್ಡಡ್ಡವಾಗಿ, ಒಂದೊಂದೇ ಮೆಟ್ಟಿಲು. ಭಾರ ಎತ್ತುವುದಕ್ಕಿಂತ ಇಳಿಸುವುದೇ ಕಷ್ಟ! ಇದಕ್ಕೆ ಕಾರಣ ಇದೆ. ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ಹಿಡಿದುಕೊಂಡೇ ಉದ್ದವಾಗುತ್ತಾ ಹೋಗಬೇಕು. ಸ್ಕ್ವಾಟ್‌ನಲ್ಲಿ ಕೆಳಗೆ ಕೂರುವಾಗ, ಲಂಜಸ್‌ನಲ್ಲಿ ಮಂಡಿ ಮಡಿಸುವಾಗ, ಡಂಬೆಲ್ಲನ್ನು ನಿಧಾನ ಇಳಿಸುವಾಗ ಆಗುವುದೂ ಇದೇ. ರೂಢಿ ಇಲ್ಲದ ಸ್ನಾಯುವಿಗೆ ಹೀಗೆ ಎಳೆತ ಬಿದ್ದರೆ ಎಳೆಗಳಲ್ಲಿ ಸಣ್ಣಪುಟ್ಟ ಹಾನಿ ಆಗುತ್ತದೆ. ದೇಹ ಅದನ್ನು ಸರಿಮಾಡಲು ಹೊರಟಾಗ ಊತ, ಮುಟ್ಟಿದರೆ ನೋವು. ಅದಕ್ಕೆ ಹೊತ್ತು ಹಿಡಿಯುತ್ತದೆ. ಹಾಗಾಗಿಯೇ ಶುಕ್ರವಾರದ ಸಾಲ ಭಾನುವಾರ ವಸೂಲಾಯಿತು. ಇಂಥ ನೋವು ಜೋರಾಗುವುದು ಸಾಮಾನ್ಯವಾಗಿ 24ರಿಂದ 72 ಗಂಟೆಯ ನಡುವೆ. ಒಂದು ವಾರದೊಳಗೆ ತಾನಾಗಿಯೇ ಹೋಗುತ್ತದೆ.

ಟ್ರೈನರ್ ಹುಡುಗ ಹೇಳಿದ್ದು ಬೇರೆ: "ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ ಸಾರ್." ಪಾಪ, ಅವನಿಗೂ ಯಾರೋ ಹಾಗೇ ಹೇಳಿಕೊಟ್ಟಿರಬೇಕು. ಸ್ನಾಯು ಜೋರಾಗಿ ದುಡಿಯುವಾಗ ಹುಟ್ಟುವ ಈ ಆಸಿಡ್‌ನ ಮಟ್ಟ, ವರ್ಕೌಟ್ ಮುಗಿದು ಒಂದು ಗಂಟೆ ಕಳೆಯುವಷ್ಟರಲ್ಲಿ ಹೆಚ್ಚುಕಮ್ಮಿ ಮೊದಲಿನಂತಾಗಿರುತ್ತದೆ. ಶುಕ್ರವಾರ ರಾತ್ರಿಯೇ ಹೋದದ್ದು ಭಾನುವಾರ ಹೇಗೆ ನೋಯಿಸುತ್ತದೆ? ಎಳೆಗಳು ಹರಿಯುವುದರಿಂದ ಈ ನೋವು ಬರುತ್ತದೆ ಅಂತ ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡೋರ್ ಹಫ್ 1902ರಲ್ಲೇ ಬರೆದಿದ್ದರು. ಜಿಮ್‌ಗಳಲ್ಲಿ ಆಸಿಡ್ ಕಥೆ ಇನ್ನೂ ಓಡುತ್ತಿದೆ.

ಇಷ್ಟಾದ ಮೇಲೆ ನನಗೆ ಬುದ್ಧಿ ಬಂದಿರಬೇಕು ಅಲ್ವಾ? ಬರಲಿಲ್ಲ. ನೋವಿನ ರುಚಿ ಹತ್ತಿತು. ಮೂರು ವಾರ ಕಳೆಯುವ ಹೊತ್ತಿಗೆ ಅದೇ ಸ್ಕ್ವಾಟ್, ಅದೇ ಲಂಜಸ್ ಮಾಡಿದರೂ ನೋವು ಬರುವುದು ನಿಂತುಹೋಯಿತು. ವರ್ಕೌಟ್ ಕೆಲಸ ಮಾಡುತ್ತಿಲ್ಲ ಅಂತ ಗಾಬರಿಯಾಯಿತು. ಫೋನಿನಲ್ಲಿ ಹುಡುಕಿ ವಾರಕ್ಕೊಂದು ಹೊಸ ಎಕ್ಸರ್‌ಸೈಜ್ ತಂದೆ. ಹೊಸದು ಮಾಡಿದರೆ ಸಾಕು, ಎರಡು ದಿನ ಬಿಟ್ಟು ಮೈ ಹಿಡಿದುಕೊಳ್ಳುತ್ತಿತ್ತು. ಆಫೀಸಿನಲ್ಲಿ ಕುರ್ಚಿಯಿಂದ ಏಳುವಾಗ "ಅಮ್ಮಾ" ಅಂದರೆ ಒಳಗೊಳಗೇ ಖುಷಿ. ಹೀಗೇ ಡಿಸೆಂಬರ್ ಬಂತು.

ನಮ್ಮ ಜಿಮ್‌ಗೆ ಬೆಳಿಗ್ಗೆ ಆರಕ್ಕೆ ನಿವೃತ್ತ ಪಿ.ಟಿ. ಮೇಷ್ಟ್ರು ಒಬ್ಬರು ಬರುತ್ತಾರೆ. ಕೈಯಲ್ಲಿ ನೂರು ಪುಟದ ಗೆರೆ ನೋಟ್‌ಬುಕ್, ಕಿವಿಗೆ ಸಿಕ್ಕಿಸಿದ ಪೆನ್ನು. ಒಂದು ದಿನ ಅವರೇ ಕೇಳಿದರು.

"ಆಗಸ್ಟಿನಲ್ಲಿ ಸ್ಕ್ವಾಟ್ ಎಷ್ಟು ಮಾಡ್ತಿದ್ರಿ?"

"40 ಸಾರ್."

"ಈಗ?"

ಈಗಲೂ 40. ನಾಲ್ಕು ತಿಂಗಳು ಕುಂಟಿದ್ದೇನೆ, ಅಯೋಡೆಕ್ಸ್ ಡಬ್ಬಿ ಎರಡು ಖಾಲಿ ಮಾಡಿದ್ದೇನೆ, ಬಾರ್ ಮೇಲೆ ಎರಡೂವರೆ ಕೆ.ಜಿ. ಕೂಡ ಏರಿಲ್ಲ. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ನೋವು ನಿಂತದ್ದೇ ಒಳ್ಳೇ ಸುದ್ದಿ ಅಂತ ಆಮೇಲೆ ತಿಳಿಯಿತು. ಒಂದು ಕೆಲಸವನ್ನು ಒಂದು ಸಲ ಮಾಡಿದರೆ ಸ್ನಾಯು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಎರಡನೇ ಸಲ ಅದೇ ಕೆಲಸಕ್ಕೆ ನೋವು ತುಂಬಾ ಕಡಿಮೆ. ಆ ರಕ್ಷಣೆ ವಾರಗಟ್ಟಲೆ ಇರುತ್ತದೆ. ಅಂದರೆ ನಾನು ಪ್ರತಿ ವಾರ ಹೊಸ ಎಕ್ಸರ್‌ಸೈಜ್ ಹುಡುಕಿ, ದೇಹ ಕಲಿತದ್ದನ್ನು ಮೂಲೆಗೆ ತಳ್ಳಿ, ಮತ್ತೆ ಒಂದನೇ ಕ್ಲಾಸಿಗೆ ಕೂರಿಸುತ್ತಿದ್ದೆ. ನೋವು ಹೇಳುತ್ತಿದ್ದದ್ದು "ಇದು ಹೊಸದು" ಅಂತ ಅಷ್ಟೇ. ಶಕ್ತಿ ಬರುತ್ತಿದೆ ಅಂತ ನಾನೇ ಓದಿಕೊಂಡೆ.

2023ರ ಜನವರಿಯಲ್ಲಿ ನಾನೂ ಒಂದು ನೋಟ್‌ಬುಕ್ ತಂದೆ. ಬಾರ್‌ನಿಂದ ಪ್ಲೇಟ್ ಎಲ್ಲ ತೆಗೆದೆ. ಖಾಲಿ ಬಾರ್ 20 ಕೆ.ಜಿ. ಇರುತ್ತದೆ, ಒಂದು ನೀರಿನ ಕ್ಯಾನ್‌ನಷ್ಟು. ಪಕ್ಕದಲ್ಲಿ ಕಾಲೇಜು ಹುಡುಗಿ 50 ಎತ್ತುತ್ತಿದ್ದಾಗ ಖಾಲಿ ಬಾರ್ ಹೊತ್ತು ಕೂತೇಳಲು ನಾಚಿಕೆಯಾಯಿತು, ಸುಳ್ಳೇಕೆ. ವಾರಕ್ಕೆ ಮೂರು ದಿನ. ಸೋಮವಾರ, ಶುಕ್ರವಾರ ಸ್ಕ್ವಾಟ್, ಮಲಗಿ ಬಾರ್ ತಳ್ಳುವ ಬೆಂಚ್ ಪ್ರೆಸ್, ಬಾಗಿ ಬಾರ್ ಎಳೆಯುವ ರೋ. ಬುಧವಾರ ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್, ತಲೆಯ ಮೇಲಕ್ಕೆ ತಳ್ಳುವ ಶೋಲ್ಡರ್ ಪ್ರೆಸ್. ಎಲ್ಲದಕ್ಕೂ ಮೂರೇ ಸೆಟ್. ಸ್ಕ್ವಾಟ್‌ಗೆ ಪ್ರತಿ ಸಲ ಎರಡೂ ಕಡೆ 1.25 ಕೆ.ಜಿ. ಪ್ಲೇಟ್ ಸೇರಿಸುವುದು, ಅಂದರೆ ಎರಡೂವರೆ ಕೆ.ಜಿ. ಬೇರೆ ಏನೂ ಇಲ್ಲ. ಇಷ್ಟು ಬೇಜಾರಿನ ವರ್ಕೌಟ್ ಇನ್ನೊಂದಿರಲಾರದು.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದೆ. ತೂಕ, ರೆಪ್ಸ್ (ಒಂದು ಸೆಟ್‌ನಲ್ಲಿ ಬಿಡದೆ ಎಷ್ಟು ಸಲ ಮಾಡಿದೆ), ಉಳಿಕೆ. ಮೂರನೆಯದು ಮೇಷ್ಟ್ರು ಹಾಕಿಸಿದ್ದು. ಸೆಟ್ ಮುಗಿಸಿದಾಗ, ಕ್ರಮ ಕೆಡದ ಹಾಗೆ ಇನ್ನೆಷ್ಟು ಆಗುತ್ತಿತ್ತು ಅಂತ ನಮ್ಮನ್ನೇ ಕೇಳಿಕೊಂಡು ಬರೆಯುವುದು. ಎರಡೋ ಮೂರೋ ಉಳಿದಿರಬೇಕು. ಐದಾರು ಉಳಿದರೆ ತೂಕ ಕಡಿಮೆಯಾಯಿತು. ಸೊನ್ನೆ ಆದರೆ ಹೊಸಬನಿಗೆ ಅದು ಜಾಸ್ತಿಯಾಯಿತು.

ಕಾಗದದ ಮೇಲೆ ಸುಲಭ. ಮೊದಲ ತಿಂಗಳು ನಾನು ಬರೆದ ಉಳಿಕೆಯೆಲ್ಲ ಸುಳ್ಳು. ಬೇಕಂತಲೇ ಅಲ್ಲ, ಗೊತ್ತೇ ಆಗುತ್ತಿರಲಿಲ್ಲ. ಒಂದು ದಿನ ಲೆಗ್ ಪ್ರೆಸ್‌ನಲ್ಲಿ ಹತ್ತು ಮಾಡಿ "ಎರಡು ಉಳಿದಿದೆ" ಅಂದೆ. ಮೇಷ್ಟ್ರು ಪಕ್ಕದಲ್ಲೇ ಇದ್ದರು. "ಇಳಿಸಬೇಡಿ, ಮಾಡ್ತಾ ಹೋಗಿ" ಅಂದರು. ಹನ್ನೊಂದು, ಹನ್ನೆರಡು, ಹದಿಮೂರು... ಹದಿನೇಳಕ್ಕೆ ನಿಂತಿತು. ಎರಡು ಅಂದುಕೊಂಡದ್ದು ಏಳಿತ್ತು! ಹೊಸಬರಿಗೆ ತೊಡೆ ಉರಿಯಲು ಶುರುವಾದರೆ ಸಾಕು, ಮುಗಿದೇ ಹೋಯಿತು ಅನ್ನಿಸುತ್ತದೆ. ಉರಿ ಬೇರೆ, ಕಸುವು ಮುಗಿಯುವುದು ಬೇರೆ. ಕಸುವು ಮುಗಿಯುತ್ತಾ ಬಂದರೆ ಎಷ್ಟೇ ಜೋರಾಗಿ ತಳ್ಳಿದರೂ ಭಾರ ತಾನಾಗಿ ನಿಧಾನವಾಗುತ್ತದೆ. ಅಂದಿನಿಂದ ಉರಿಯನ್ನು ಬಿಟ್ಟು ಆ ನಿಧಾನವನ್ನು ನೋಡತೊಡಗಿದೆ. ಎರಡು ವಾರಕ್ಕೊಮ್ಮೆ ಒಂದು ಮೆಷಿನ್‌ನಲ್ಲಿ ಕೊನೆಯ ಸೆಟ್ ಮಾತ್ರ ಪೂರ್ತಿ ಆಗುವವರೆಗೆ ಮಾಡಿ, ನನ್ನ ಅಂದಾಜು ಸರಿಯಿದೆಯಾ ಅಂತ ತಾಳೆ ನೋಡುತ್ತೇನೆ. ಈ ಪರೀಕ್ಷೆಯನ್ನು ಹೆಗಲ ಮೇಲೆ ಬಾರ್ ಇಟ್ಟುಕೊಂಡು ಮಾಡಬೇಡಿ. ಅಡಿಯಲ್ಲಿ ಸಿಕ್ಕಿಕೊಂಡರೆ ಎತ್ತುವವರು ಬೇಕು.

ಐದನೇ ವಾರದ ಸೋಮವಾರ 40 ಬಂತು. ಶುಕ್ರವಾರ 42.5. ಆ ಐದು ವಾರದಲ್ಲಿ ಮೆಟ್ಟಿಲಿಳಿಯಲು ನಾನು ಕಂಬಿ ಹಿಡಿದದ್ದು ಒಂದು ಸಲವೂ ಇಲ್ಲ. ಸ್ವಲ್ಪ ಬಿಗಿತ ಇರುತ್ತಿತ್ತು, ವಾರ್ಮಪ್ ಮಾಡುವಷ್ಟರಲ್ಲಿ ಹೋಗುತ್ತಿತ್ತು. ಅಷ್ಟು ಸಲೀಸಾಗಿ ಏರಿದ್ದಕ್ಕೆ ಒಂದು ಕಾರಣ, ಆ ತೂಕ ನನಗೆ ಮೊದಲೇ ಗೊತ್ತಿತ್ತು. 50 ದಾಟಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಶೋಲ್ಡರ್ ಪ್ರೆಸ್ ಅಂತೂ ಬೇಗ ಕಚ್ಚಿಕೊಂಡಿತು. ಹೆಗಲಿನ ಸ್ನಾಯು ಚಿಕ್ಕದು, ಅದಕ್ಕೆ ಒಂದೇ ಸಲ ಎರಡೂವರೆ ಕೆ.ಜಿ. ದೊಡ್ಡ ಹೊರೆ. ಅದಕ್ಕಿಂತ ಸಣ್ಣ ಪ್ಲೇಟ್ ನಮ್ಮ ಜಿಮ್‌ನಲ್ಲಿ ಇಲ್ಲ. ಹಾಗಾಗಿ ಅದೇ ತೂಕದಲ್ಲಿ ಐದರಿಂದ ಎಂಟು ರೆಪ್ಸ್‌ವರೆಗೆ ಹೋಗಿ, ಮೂರೂ ಸೆಟ್‌ಗೆ ಎಂಟು ಬಂದ ಮೇಲೆ ತೂಕ ಏರಿಸಿ ಮತ್ತೆ ಐದಕ್ಕೆ ಇಳಿಯುತ್ತೇನೆ.

ಮೈ ನೋಯುವಾಗ ಜಿಮ್‌ಗೆ ಹೋಗಬಹುದಾ ಅಂತ ಆಫೀಸಿನವರು ಕೇಳುತ್ತಿರುತ್ತಾರೆ. ನಾನು ಹೋಗುತ್ತೇನೆ. ಖಾಲಿ ಬಾರ್‌ನಲ್ಲಿ ಎರಡು ಸೆಟ್ ಮಾಡಿ ನೋಡುತ್ತೇನೆ. ನೋವು ಸಡಿಲವಾದರೆ ಆ ದಿನದ ಕೆಲಸ ಮುಂದುವರಿಯುತ್ತದೆ. ಪೂರ್ತಿ ಕೆಳಗೆ ಕೂರಲು ಆಗದಷ್ಟು ಹಿಡಿದಿದ್ದರೆ ತೂಕ ಅರ್ಧ, ಸೆಟ್ ಎರಡು, ಮನೆಗೆ. ಸುಮ್ನೆ ಮಲಗುವುದಕ್ಕಿಂತ ಸ್ವಲ್ಪ ಓಡಾಡಿದರೆ ಹಾಯೆನಿಸುತ್ತದೆ. ಮಸಾಜ್, ಬಿಸಿನೀರು ಕೂಡ ಆ ಹೊತ್ತಿಗೆ ಹಿತ. ನೋವಿನ ಮಾತ್ರೆ ಮಾತ್ರ ನಾನು ಮುಟ್ಟುವುದಿಲ್ಲ.

ಮೈಕೈ ನೋವಲ್ಲದ ನೋವೂ ಒಂದಿದೆ. ಬೆಂಚ್ ಪ್ರೆಸ್ ಮಾಡುವಾಗ ಬಲ ಹೆಗಲಿನಲ್ಲಿ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಒಂದೇ ಕಡೆ, ಒಂದೇ ಜಾಗ, ಎರಡು ದಿನ ಬಿಟ್ಟಲ್ಲ, ಭಾರ ಇಳಿಸುವ ಆ ಕ್ಷಣಕ್ಕೇ. ಎರಡು ವಾರ ಸುಮ್ಮನಿದ್ದದ್ದು ನನ್ನ ತಪ್ಪು. ಫಿಸಿಯೋಥೆರಪಿಸ್ಟ್ ನೋಡಿ, ಮೊಣಕೈಯನ್ನು ತೀರಾ ಅಗಲಕ್ಕೆ ಚಾಚುತ್ತಿದ್ದೀರಿ ಅಂದರು. ಮೊಣಕೈ ಸ್ವಲ್ಪ ಮೈ ಹತ್ತಿರ ತಂದು, ತಿಂಗಳು ಹಗುರ ತೂಕದಲ್ಲಿ ಮಾಡಿದ ಮೇಲೆ ಹೋಯಿತು.

ಇನ್ನೊಂದಂತೂ ಕಾಯುವ ವಿಷಯವೇ ಅಲ್ಲ. ರೂಢಿ ಇಲ್ಲದವರು ಪಂಥ ಕಟ್ಟಿ ಒಂದೇ ದಿನ ನೂರಾರು ಬಸ್ಕಿ ಹೊಡೆದಾಗ ಸ್ನಾಯು ವಿಪರೀತ ಒಡೆದು, ಅದರೊಳಗಿನದು ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಬೀಳಬಹುದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕೈಕಾಲು ಊದಿ ಬಲವೇ ಇಲ್ಲದಂತಾದರೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಆ ಶುಕ್ರವಾರದ ಲಂಜಸ್ ನೆನೆದರೆ ನನಗೆ ಈಗ ಸ್ವಲ್ಪ ಭಯವಾಗುತ್ತದೆ.

ಊಟದ ಬಗ್ಗೆ ಹೇಳುವಷ್ಟು ಏನಿಲ್ಲ. ಎರಡು ಮೊಟ್ಟೆ, ಮೊಳಕೆ ಹೆಸರುಕಾಳು, ಮೊಸರು, ವಾರಕ್ಕೆ ಮೂರು ದಿನ ಸೋಯಾ. ಅದಕ್ಕಿಂತ ಜಾಸ್ತಿ ಕಂಡದ್ದು ನಿದ್ದೆಯ ಪ್ರಭಾವ. ತಿಂಗಳ ಕೊನೆಯಲ್ಲಿ ಆಫೀಸಿನ ಲೆಕ್ಕ ಮುಗಿಸಲು ರಾತ್ರಿ ಐದು ಗಂಟೆಯಷ್ಟೇ ನಿದ್ದೆ. ನೋಟ್‌ಬುಕ್ ತಿರುವಿದರೆ ಆ ವಾರಗಳಲ್ಲಿ ಅದೇ ತೂಕಕ್ಕೆ ಉಳಿಕೆ ಒಂದೋ ಸೊನ್ನೆಯೋ ಆಗಿರುತ್ತದೆ. ಈಗ ತಿಂಗಳ ಕೊನೆಯ ವಾರ ತೂಕ ಏರಿಸುವುದನ್ನೇ ಬಿಟ್ಟಿದ್ದೇನೆ.

ಮೇ ತಿಂಗಳಲ್ಲಿ ಸ್ಕ್ವಾಟ್ 57.5ಕ್ಕೆ ಬಂದಿತ್ತು. ಆಮೇಲೆ ಜ್ವರ ಬಂದು ಮೂರು ವಾರ ಹೋಗಲಿಲ್ಲ. ವಾಪಸ್ ಹೋದ ದಿನ 35ರಿಂದ ಶುರು ಮಾಡಿದೆ. ಹಳೆಯ ತೂಕ ಮುಟ್ಟಲು ಒಂದು ತಿಂಗಳು ಸಾಕಾಯಿತು.

ಆ ವರ್ಷ ದಸರಾಕ್ಕೆ ಮೈಸೂರಿಗೆ ಹೋಗಿದ್ದಾಗ ಚಿಕ್ಕಪ್ಪ ನನ್ನ ನೋಟ್‌ಬುಕ್ ನೋಡಿದರು. ಅವರಿಗೀಗ 67. ಬಿ.ಪಿ., ಶುಗರ್ ಎರಡೂ ಹತೋಟಿಯಲ್ಲಿವೆ. ಡಾಕ್ಟರು ವ್ಯಾಯಾಮ ಮಾಡಿ ಅಂದಿದ್ದಾರೆ. ಆದರೆ ಗರಡಿ ಬಿಟ್ಟು ನಲವತ್ತು ವರ್ಷ. "ನನಗೂ ಒಂದು ಬರೆದುಕೊಡೋ" ಅಂದರು. ಊಟದ ಮನೆಯ ಕುರ್ಚಿ ತೋರಿಸಿ, ಕೈ ಊರದೆ ಕೂತು ಏಳುವುದು, ಎಂಟರಂತೆ ಎರಡು ಸೆಟ್, ದಿನ ಬಿಟ್ಟು ದಿನ ಅಂತ ಬರೆದುಕೊಟ್ಟೆ. ಮೂರನೇ ದಿನ ಬೆಳಿಗ್ಗೆ ಫೋನ್.

"ಏನೂ ನೋವೇ ಇಲ್ಲವಲ್ಲೋ. ಸರಿಯಾಗಿ ಮಾಡ್ತಿದ್ದೀನೋ ಇಲ್ವೋ?"

"ಎಷ್ಟು ಉಳಿದಿತ್ತು ಚಿಕ್ಕಪ್ಪ?"

"ಇನ್ನೂ ಆರು ಹೊಡೀತಿದ್ದೆ ಕಣೋ."

"ಹಾಗಾದ್ರೆ ನಾಳೆಯಿಂದ ಹತ್ತು ಮಾಡಿ. ಹನ್ನೊಂದು ಬೇಡ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಯ್ತು ಉಸ್ತಾದ್" ಅಂದು ಫೋನ್ ಇಟ್ಟರು.