9000ನೇ ಪೋರ್ಟ್ ಮತ್ತು ಬಸ್ ಸೀಟಿನ ಟವೆಲ್

ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮ ಹುಡುಗರು ತೊಗರಿ ಎಲೆಗಳ ಫೋಟೋ ಇಟ್ಟುಕೊಂಡು ರೋಗ ಗುರುತಿಸುವ ಪ್ರಾಜೆಕ್ಟ್ ಮಾಡುತ್ತಿದ್ದರು. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಫೋಟೋಗಳು ಬೇಗ ಹೋಗಲಿ ಅಂತ ಎರಡಕ್ಕೂ ಐವಾರ್ಪ್ ಕಾರ್ಡ್ ಹಾಕಿದೆ. ಆರ್‌ಡಿಎಂಎ ಅಂದರೆ ಒಂದು ಮಷಿನ್‌ನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ನೇರವಾಗಿ ಡೇಟಾ ಕಳಿಸುವ ವಿಧಾನ. ಅದು ಟಿಸಿಪಿ, ಅಂದರೆ ಇಂಟರ್ನೆಟ್‌ನ ಮಾಮೂಲಿ ಸಂಪರ್ಕ ವಿಧಾನದ ಮೇಲೆ ಓಡಿದರೆ ಐವಾರ್ಪ್. ಟಿಸಿಪಿ ಕೆಲಸವನ್ನೆಲ್ಲ ಕಾರ್ಡೇ ಮಾಡುತ್ತದೆ, ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಆ ಹೊರೆ ಇಲ್ಲ.

ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಬ್ಬ ಹುಡುಗ ಬಂದ. "ಸರ್, ಕನೆಕ್ಟ್ ಆಗ್ಯಾದ್ರಿ, ಖರೆ ಪೇಜ್ ಬರವಲ್ದು" ಅಂದ. ಕೆಲಸ ಎಲ್ಲಿಗೆ ಬಂತು ಅಂತ ತೋರಿಸುವ ಸಣ್ಣ ವೆಬ್ ಪೇಜ್ ಅದು, 9000ನೇ ಪೋರ್ಟ್‌ನಲ್ಲಿತ್ತು. ಪೋರ್ಟ್ ಅಂದರೆ ಬಂದ ಡೇಟಾ ಮಷಿನ್‌ನ ಯಾವ ಪ್ರೋಗ್ರಾಂಗೆ ಅಂತ ಹೇಳುವ ನಂಬರ್. ತೆರೆದ ಪೋರ್ಟ್‌ಗಳನ್ನು ತೋರಿಸುವ ಎಸ್‌ಎಸ್ ಕಮಾಂಡ್ ಕೊಟ್ಟರೆ ಪೋರ್ಟ್ ತೆರೆದೇ ಇದೆ. ಬರುವ ಹೋಗುವ ಪ್ಯಾಕೆಟ್, ಅಂದರೆ ಡೇಟಾ ತುಂಡುಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿದರೆ ಒಂದು ಪ್ಯಾಕೆಟ್ಟೂ ಕಾಣಲಿಲ್ಲ. ಕನೆಕ್ಟ್ ಆಗಿದೆ, ಆದರೆ ಪ್ಯಾಕೆಟ್ ಇಲ್ಲ! ಎರಡು ದಿನ ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ. ಕೊನೆಗೆ ಫೋಟೋ ಕಳಿಸುವ ಆರ್‌ಡಿಎಂಎ ಪ್ರೋಗ್ರಾಂ ನಿಲ್ಲಿಸಿದ ಕೂಡಲೇ ಪೇಜ್ ತೆರೆದುಕೊಂಡಿತು. ಆ ಪ್ರೋಗ್ರಾಂ ಕೂಡ 9000ದಲ್ಲೇ ಕೂತಿತ್ತು.

ಒಂದೇ ಪೋರ್ಟ್ ಇಬ್ಬರಿಗೆ ಹೇಗೆ ಸಿಕ್ಕಿತು? ಲಿನಕ್ಸ್‌ನಲ್ಲಿ ಆರ್‌ಡಿಎಂಎ ತನ್ನ ಪೋರ್ಟ್‌ಗಳ ಲೆಕ್ಕವನ್ನು ಬೇರೆ ಇಡುತ್ತದೆ, ಕರ್ನಲ್‌ನ ಟಿಸಿಪಿ ಬೇರೆ ಇಡುತ್ತದೆ. ಐಪಿ ವಿಳಾಸ ಮಾತ್ರ ಒಂದೇ. ಒಂದೇ ಬಸ್ಸಿಗೆ ಇಬ್ಬರು ಕಂಡಕ್ಟರ್ ಬೇರೆ ಬೇರೆ ಪುಸ್ತಕದಿಂದ ಸೀಟು ಕೊಟ್ಟ ಹಾಗೆ. ಪ್ಯಾಕೆಟ್ ಮೊದಲು ಬರುವುದು ಕಾರ್ಡಿಗೆ. ಅದು ನನ್ನದೇ ಅಂತ ಕಾರ್ಡ್ ಇಟ್ಟುಕೊಳ್ಳುತ್ತದೆ, ಕನೆಕ್ಷನ್ ಕೂಡ ಒಪ್ಪಿಕೊಳ್ಳುತ್ತದೆ, ಆಮೇಲೆ ಆರ್‌ಡಿಎಂಎ ಮಾತಿಗಾಗಿ ಕಾಯುತ್ತದೆ. ಪಾಪ, ಬ್ರೌಸರ್‌ಗೆ ಆ ಭಾಷೆ ಗೊತ್ತಿಲ್ಲ.

ಈ ಎರಡು ಲೆಕ್ಕವನ್ನು ಕರ್ನಲ್ ಒಳಗೇ ಒಂದು ಮಾಡೋಣ ಅಂತ 2007ರಲ್ಲೇ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ ಬಂದಿತ್ತು. ಆಗ ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ಭಾಗ ನೋಡುತ್ತಿದ್ದ ಡೇವಿಡ್ ಮಿಲ್ಲರ್ ಒಪ್ಪಲಿಲ್ಲ. ಓದಿದಾಗ ನನಗೆ ಬೇಸರವಾಯಿತು. ಆದರೆ ಕಾರ್ಡ್ ಹಿಡಿದುಕೊಂಡ ಕನೆಕ್ಷನ್ ನಮ್ಮ ಫೈರ್‌ವಾಲ್ ಕಣ್ಣಿಗೂ ಬೀಳುವುದಿಲ್ಲ. ಅದನ್ನು ನೋಡಿದ ಮೇಲೆ ಆ ಹಿಂಜರಿಕೆಯಲ್ಲಿ ಅರ್ಥವಿದೆ ಅನ್ನಿಸಿತು.

ಮೊದಲು ಆರ್‌ಡಿಎಂಎಗೆ ಬೇರೆ ಐಪಿ ಕೊಟ್ಟೆ. ಅದು ಸರಿಯಾದ ದಾರಿಯೇ, ಆದರೆ ಹುಡುಗರು ಪ್ರೋಗ್ರಾಂ ಬರೆಯುವಾಗ ಎಲ್ಲ ವಿಳಾಸಗಳಲ್ಲೂ ಪೋರ್ಟ್ ತೆರೆದುಬಿಡುತ್ತಾರೆ. ಮತ್ತೆ ಅದೇ ಜಗಳ.

ಆಮೇಲೆ ಹಾಕಿದ್ದು ಐಡಬ್ಲ್ಯುಪಿಎಂಡಿ, ಅಂದರೆ ಐವಾರ್ಪ್ ಪೋರ್ಟ್ ಮ್ಯಾಪರ್. ಇದಕ್ಕೆ ಬೇಕಾದ ಕರ್ನಲ್ ಬೆಂಬಲ ಬಂದದ್ದು 2014ರಲ್ಲಿ. ಇದರ ಉಪಾಯ ನನಗೆ ಬಹಳ ಹಿಡಿಸಿತು. ಪ್ರೋಗ್ರಾಂ 9000 ಕೇಳಿದರೆ, ಇದು ಕರ್ನಲ್ ಹತ್ತಿರ ಒಂದು ಮಾಮೂಲಿ ಟಿಸಿಪಿ ಸಾಕೆಟ್ ತೆರೆದು, ಖಾಲಿ ಇರುವ ಬೇರೆ ಪೋರ್ಟ್ ಪಡೆದು, ಸುಮ್ನೆ ಹಿಡಿದುಕೊಂಡು ಕೂರುತ್ತದೆ. ಬಸ್ ಸ್ಟ್ಯಾಂಡ್‌ನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ವಾ, ಹಾಗೆ. ಆ ಸೀಟಿನಲ್ಲಿ ಕೂರುವುದು ಮಾತ್ರ ಕಾರ್ಡ್. 9000 ವೆಬ್ ಪೇಜಿಗೇ ಉಳಿಯುತ್ತದೆ.

ನಿಜವಾದ ಪೋರ್ಟ್ ಯಾವುದು ಅಂತ ಆ ಕಡೆಯ ಮಷಿನ್ ಕೇಳಿ ತಿಳಿಯಬೇಕು. ಅದಕ್ಕೆ ಯುಡಿಪಿ (ಟಿಸಿಪಿಯ ಹಾಗೆಯೇ ಡೇಟಾ ಕಳಿಸುವ ಇನ್ನೊಂದು ವಿಧಾನ) 3935ನೇ ಪೋರ್ಟ್ ಬೇಕು. ನಾನು ಒಂದೇ ಸರ್ವರ್‌ನ ಫೈರ್‌ವಾಲ್‌ನಲ್ಲಿ ಅದನ್ನು ತೆರೆದಿದ್ದೆ, ಅರ್ಧ ದಿನ ಹೋಯಿತು. ಎರಡೂ ಕಡೆ ಸೇವೆ ಓಡುತ್ತಿರಬೇಕು, ಎರಡೂ ಕಡೆ ದಾರಿ ತೆರೆದಿರಬೇಕು. ಮತ್ತೆ ಇದು ಪ್ರೋಗ್ರಾಂಗಿಂತ ಮೊದಲೇ ಶುರುವಾಗಬೇಕು, ಯಾಕಂದರೆ ಟವೆಲ್ ಹಾಕುವುದು ಪೋರ್ಟ್ ತೆರೆಯುವ ಹೊತ್ತಿಗೇ. ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, ಪ್ರತಿ ಸಲ ಸರ್ವರ್ ಎದ್ದಾಗ ಈ ಸರದಿ ತಪ್ಪದಂತೆ ಬರೆದಿಟ್ಟಿದ್ದೇನೆ. ಆರ್‌ಡಿಎಂಎ ಓಡುವ ಸ್ವಿಚ್ಚನ್ನು ಕಾಲೇಜಿನ ಉಳಿದ ನೆಟ್‌ವರ್ಕ್‌ನಿಂದ ಬೇರೆ ಮಾಡಿದ್ದೇನೆ. ಫೈರ್‌ವಾಲ್ ಕಾಣದ ಕಡೆ ಕಾವಲಿಗೆ ಅದೊಂದೇ ಇರುವುದು.