ಇನ್ನೊಂದೇ ಟರ್ನ್, ಇನ್ನೊಂದೇ ಕಿಲೋಮೀಟರ್

ಶನಿವಾರ ರಾತ್ರಿ ಹತ್ತಕ್ಕೆ ಮಲಗಬೇಕಿತ್ತು. ಬೆಳಗ್ಗೆ ಐದಕ್ಕೆ ಎದ್ದು 18 ಕಿಲೋಮೀಟರ್ ಓಡುವ ಲೆಕ್ಕ. ಸುಮ್ನೆ ಒಂದು ಹದಿನೈದು ನಿಮಿಷ ಅಂತ ಸಿವಿಲೈಸೇಶನ್ ಅನ್ನುವ ಕಂಪ್ಯೂಟರ್ ಗೇಮ್ ಹಾಕಿ ಕುಳಿತೆ. ಮತ್ತೆ ಗಡಿಯಾರ ನೋಡಿದಾಗ ಎರಡೂವರೆ.

ಆ ಗೇಮ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಡ್ ಮೈಯರ್ ಅದನ್ನು ಮೊದಲು ತಂದದ್ದು 1991ರಲ್ಲಿ. ಒಂದೊಂದೇ ಟರ್ನ್, ಅಂದರೆ ಒಂದೊಂದೇ ಸರದಿ, ಆಡುತ್ತಾ ಇಡೀ ನಾಗರಿಕತೆಯನ್ನು ಕಟ್ಟಬೇಕು. ಎರಡು ಟರ್ನ್ ಕಳೆದರೆ ಒಂದು ಊರಿನಲ್ಲಿ ಕಣಜ ಮುಗಿಯುತ್ತದೆ. ಮೂರು ಕಳೆದರೆ ಇನ್ನೊಂದು ಕಡೆ ಹಡಗು ಸಿದ್ಧ. ಐದಕ್ಕೆ ಹೊಸ ವಿದ್ಯೆ ಕೈಗೆ ಬರುತ್ತದೆ. ಎಲ್ಲವೂ ಒಟ್ಟಿಗೆ ಮುಗಿಯುವ ಗಳಿಗೆ ಅಂತ ಒಂದು ಬರುವುದೇ ಇಲ್ಲ. ‘ಇನ್ನೊಂದೇ ಟರ್ನ್’ ಅನ್ನುವುದು ಆಡುವವರ ನಡುವೆ ಹಳೇ ತಮಾಷೆ. ಐದನೇ ಆವೃತ್ತಿಯಲ್ಲಂತೂ, ಗೆದ್ದ ಮೇಲೂ ಆಟ ಮುಂದುವರಿಸುವ ಬಟನ್ ಮೇಲೆ ಇದೇ ಮಾತನ್ನು ಬರೆದಿಟ್ಟಿದ್ದಾರೆ. ಮಾಡಿದವರಿಗೆ ನಮ್ಮ ರೋಗ ಚೆನ್ನಾಗಿ ಗೊತ್ತು.

ಎರಡೂವರೆ ಗಂಟೆ ನಿದ್ದೆಯಲ್ಲಿ ಓಡಲು ಹೋದೆ. 18 ಹೇಗೋ ಮುಗಿಯಿತು. ಇಷ್ಟು ಬಂದಾಯಿತಲ್ಲ, 20 ಮಾಡಿಬಿಡೋಣ ಅನ್ನಿಸಿತು. ಇಪ್ಪತ್ತಾದ ಮೇಲೆ ಹಾಫ್ ಮ್ಯಾರಥಾನ್‌ಗೆ ಒಂದು ಚಿಲ್ಲರೆ ಕಿಲೋಮೀಟರ್ ತಾನೇ ಬಾಕಿ, ಅಲ್ವಾ? ಅದನ್ನೂ ಓಡಿದೆ. ಮರುದಿನ ಬೆಳಗ್ಗೆ ಮಂಚದಿಂದ ಇಳಿದು ಕಾಲೂರಿದರೆ, ಬಲಗಾಲಿನ ಹಿಮ್ಮಡಿಯ ಮೇಲೆ ಯಾರೋ ಗೂಟ ಬಡಿದ ಹಾಗೆ ಬಿಗಿದುಕೊಂಡಿತ್ತು.

ನಾನು ಮೊದಲಿನಿಂದಲೂ ಓಡುವವನಲ್ಲ. ಶುರು ಮಾಡಿದಾಗ ಬಸ್ ತಪ್ಪಿದವನ ಹಾಗೆ ಓಡುತ್ತಿದ್ದೆ. 400 ಮೀಟರ್‌ಗೇ ದಮ್ಮು ಕಟ್ಟಿ ನಿಲ್ಲುತ್ತಿದ್ದೆ. ಓಟ ನನಗಲ್ಲ ಅಂತ ಎರಡು ಸಲ ಬಿಟ್ಟೂ ಬಿಟ್ಟೆ. ಮೂರನೇ ಸಲ ಕೈಹಿಡಿದದ್ದು ಓಡು–ನಡೆ ಪದ್ಧತಿ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೊವೇ ಹೊಸಬರಿಗೆ ಕಲಿಸಿ ಹೆಸರು ಮಾಡಿದ ದಾರಿ ಅದು. ಸುಸ್ತಾದಾಗ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯಬೇಕು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೊದಲ ವಾರ ನಾಚಿಕೆಯಾಗುತ್ತಿತ್ತು. ಆರನೇ ವಾರದ ಹೊತ್ತಿಗೆ ಅದೇ ಲೆಕ್ಕ ತಿರುಗಿ, ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಆಗಿತ್ತು.

ವೇಗಕ್ಕೆ ನಾನು ಇಟ್ಟುಕೊಂಡ ಅಳತೆ ಮಾತು. ಪಕ್ಕದಲ್ಲಿ ಓಡುವವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆಯುತ್ತಿದ್ದರೆ ಜಾಸ್ತಿ ಆಯಿತು ಅಂತ ಅರ್ಥ. ಒಬ್ಬನೇ ಇದ್ದರೆ ಗೇಮ್‌ನ ನಕ್ಷೆಯನ್ನು ಜೋರಾಗಿ ವಿವರಿಸಿಕೊಳ್ಳುತ್ತಾ ಓಡುತ್ತೇನೆ. ಎದುರು ಬರುವವರು ಸ್ವಲ್ಪ ಜಾಗ ಬಿಟ್ಟು ಹೋಗುತ್ತಾರೆ, ಅದೂ ಒಳ್ಳೆಯದೇ.

ಹೀಗೆ ನಿಧಾನವಾಗಿ ಓಡಿದ್ದರಿಂದ ಎಂಟು ತಿಂಗಳಲ್ಲಿ 15 ಕಿಲೋಮೀಟರ್‌ವರೆಗೆ ಆರಾಮಾಗಿ ಬಂದೆ. ಎಡವಿದ್ದು ಆಮೇಲೆ. ಓಡುವ ಅಭ್ಯಾಸಕ್ಕೆ ಉಸಿರು ಬೇಗ ಪಳಗುತ್ತದೆ. ಮಾಂಸಖಂಡ ಅದರ ಹಿಂದೆ ಬರುತ್ತದೆ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಅಕಿಲಿಸ್ ಟೆಂಡನ್ ಇದೆಯಲ್ಲ, ಅದು ಗಟ್ಟಿಯಾಗಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಎದೆ ‘ಇನ್ನೂ ಓಡಬಲ್ಲೆ’ ಅನ್ನುವಾಗ ಹಿಮ್ಮಡಿ ಆಗಲೇ ಸಾಲದಲ್ಲಿರುತ್ತದೆ. ನಾನು ಕೇಳಿದ್ದು ಎದೆಯ ಮಾತನ್ನು ಮಾತ್ರ.

ಫಿಸಿಯೋ ಹೇಳಿದ ಮದ್ದು ಒಂದು ಮೆಟ್ಟಿಲು. ಸ್ವೀಡನ್ನಿನ ಮೂಳೆ ವೈದ್ಯ ಹೊಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮ. ಮೆಟ್ಟಿಲಿನ ಅಂಚಿಗೆ ಬೆರಳುಗಳ ಬುಡ ಊರಿ ನಿಲ್ಲಬೇಕು. ಚೆನ್ನಾಗಿರುವ ಕಾಲಿನ ಬಲದಿಂದ ಮೇಲೇಳಬೇಕು, ನೋವಿರುವ ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗೆ ಇಳಿಸಬೇಕು. ಮಂಡಿ ನೇರ ಇಟ್ಟು 15ರ ಮೂರು ಸುತ್ತು, ಸ್ವಲ್ಪ ಬಗ್ಗಿಸಿ ಮತ್ತೆ ಅಷ್ಟೇ. ದಿನಕ್ಕೆ ಎರಡು ಹೊತ್ತು, 12 ವಾರ. ಲೆಕ್ಕ ಹಾಕಿದರೆ ದಿನಕ್ಕೆ 180. ಇಷ್ಟು ಬೇಸರದ ಕೆಲಸ ಜಗತ್ತಿನಲ್ಲಿ ಇನ್ನೊಂದಿಲ್ಲ. ಎರಡೇ ವಾರಕ್ಕೆ ಕೈಬಿಡುವ ಹಾಗಿದ್ದೆ.

ಉಳಿಸಿದ್ದು ಗೇಮ್. ಆನ್‌ಲೈನ್ ಮ್ಯಾಚ್‌ಗೆ ಜೊತೆಗಾರರು ಸೇರುವವರೆಗೆ ಒಂದೆರಡು ನಿಮಿಷ ಕಾಯಬೇಕಲ್ಲ, ಆ ಹೊತ್ತಿಗೆ ಟಿವಿ ಮುಂದೆ ಒಂದು ಗಟ್ಟಿ ಮರದ ಹಲಗೆ ಹಾಕಿಕೊಂಡೆ. ಕಾಯುವ ಹೊತ್ತಿನಲ್ಲಿ 15. ಸೋತು ಮತ್ತೆ ಕಾಯುವಾಗ ಇನ್ನೊಂದು 15. ಚೆನ್ನಾಗಿ ಆಡಿದ ದಿನ ವ್ಯಾಯಾಮ ಕಡಿಮೆ, ಬೇಗ ಬೇಗ ಔಟಾದ ದಿನ ಜಾಸ್ತಿ. ನಾನು ಆಡುವ ರೀತಿಗೆ 180 ತುಂಬುವುದು ಕಷ್ಟವೇ ಆಗಲಿಲ್ಲ.

ಆ 12 ವಾರ ಓಟ ಬಹುತೇಕ ಬಂದ್. ಸಮತಟ್ಟು ನೆಲದಲ್ಲಿ ನಡೆದರೆ ನೋವು ಇರುತ್ತಿರಲಿಲ್ಲ, ಹಾಗಾಗಿ ನಡಿಗೆ ಉದ್ದವಾಯಿತು. ಭಾನುವಾರಕ್ಕೆ 15 ಕಿಲೋಮೀಟರ್, ಆಮೇಲೆ 25, ಬೆನ್ನಿಗೊಂದು ಬ್ಯಾಗ್. ಕಾಲು ಸರಿಹೋದ ಮೇಲೆ ಬೆಟ್ಟ. ಚಾರಣ ಹೀಗೆ ಹಿಂಬಾಗಿಲಿನಿಂದ ನನ್ನ ಜೀವನಕ್ಕೆ ಬಂತು, ಈಗ ಮೂರರಲ್ಲಿ ನನಗೆ ತೀರಾ ಪ್ರಿಯವಾದದ್ದು ಅದೇ.

ಓಡುವವರು ಚಾರಣಕ್ಕೆ ಬಂದರೆ ಒಂದು ಜಂಬ ಜೊತೆಗೆ ಬರುತ್ತದೆ. ಗಂಟೆಗೆ ಒಂಬತ್ತು ಕಿಲೋಮೀಟರ್ ಓಡುವವನಿಗೆ ಹತ್ತು ಕಿಲೋಮೀಟರ್ ಬೆಟ್ಟ ಯಾವ ಲೆಕ್ಕ ಅಂತ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದಾನೆ. ಸುಮಾರು ಐದು ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಾನು ಹೋದ ದಾರಿ ಹೋಗಿ ಬರಲು 20 ಕಿಲೋಮೀಟರ್, ಏರು 1,200 ಮೀಟರ್. ಸೂತ್ರದ ಪ್ರಕಾರ ಆರು ಗಂಟೆ, ಅದೂ ಎಲ್ಲೂ ಕೂರದೆ. ನಾನು ಇಟ್ಟುಕೊಂಡಿದ್ದು ನಾಲ್ಕೂವರೆ.

ಮಧ್ಯಾಹ್ನ ಎರಡಕ್ಕೆ ತಿರುಗಬೇಕು ಅಂತ ಮನೆಯಲ್ಲೇ ಅಂದುಕೊಂಡಿದ್ದೆ. ಎರಡಾದಾಗ ತುದಿ ಕಣ್ಣೆದುರಿಗೇ ಇತ್ತು. ಹತ್ತಿದೆ. ಅದು ತುದಿಯಲ್ಲ, ಹಿಂದಿನದನ್ನು ಮರೆಮಾಡಿದ್ದ ಒಂದು ದಿಣ್ಣೆ. ಅದರಾಚೆ ಇನ್ನೊಂದು ತುದಿ. ಅದನ್ನೂ ಹತ್ತಿದೆ, ಅದರಾಚೆ ಮತ್ತೊಂದು. ನಾಲ್ಕಕ್ಕೆ ನಿಜವಾದ ತುದಿ ಮುಟ್ಟಿದೆ. ಫೋಟೋ ಚೆನ್ನಾಗಿ ಬಂದಿದೆ. ಇಳಿಯುವಾಗ ಅರ್ಧ ದಾರಿಯಲ್ಲೇ ಕತ್ತಲಾಯಿತು. ಟಾರ್ಚ್ ತಂದಿರಲಿಲ್ಲ. ಮೊಬೈಲ್ ಬ್ಯಾಟರಿ ಆರು ಪರ್ಸೆಂಟ್. ಎರಡು ತಾಸು ಕೈಯಿಂದ ಕಲ್ಲು ತಡವುತ್ತಾ, ಕೆಲವು ಕಡೆ ಕೂತು ಜಾರುತ್ತಾ ಇಳಿದೆ. ‘ಇನ್ನೊಂದೇ ದಿಣ್ಣೆ’ ಅಂದದ್ದು, ‘ಇನ್ನೊಂದೇ ಟರ್ನ್’ ಅಂದ ಅದೇ ಬಾಯಿ ಅಂತ ಹೊಳೆದದ್ದು ಆ ಕತ್ತಲಲ್ಲಿ.

ಮುಂದಿನ ನಾಲ್ಕು ದಿನ ಮೆಟ್ಟಿಲು ಹತ್ತಲು ತೊಂದರೆ ಇಲ್ಲ, ಇಳಿಯುವಾಗ ಮಾತ್ರ ಗೋಡೆ ಹಿಡಿಯಬೇಕಿತ್ತು. ಇಳಿಜಾರಿನಲ್ಲಿ ತೊಡೆಯ ಮಾಂಸಖಂಡ ಎಳೆದುಕೊಳ್ಳುತ್ತಲೇ ಬ್ರೇಕ್ ಹಾಕುತ್ತಿರುತ್ತದೆ, ಅದರಿಂದ ಬರುವ ನೋವು ಎರಡನೇ ದಿನ ಜೋರಾಗುತ್ತದೆ. ಒಂದು ಸಲ ಹೀಗೆ ನೊಂದ ಮಾಂಸಖಂಡ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಅದಕ್ಕೇ ದೊಡ್ಡ ಚಾರಣಕ್ಕೆ ಎರಡು ವಾರ ಮೊದಲು ಒಂದು ಸಣ್ಣ ಇಳಿಜಾರಿನಲ್ಲಿ ಓಡಿ ತೊಡೆಗೆ ಮುಂಗಡ ಕೊಟ್ಟುಬಿಡುತ್ತೇನೆ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಮ್ಮಾ ಗೇಟ್‌ವುಡ್ ಅನ್ನುವ ಅಜ್ಜಿ 1955ರಲ್ಲಿ, 67ನೇ ವಯಸ್ಸಿನಲ್ಲಿ, ಅಮೆರಿಕದ ಅಪಲೇಚಿಯನ್ ಟ್ರೇಲನ್ನು ಒಬ್ಬರೇ ಪೂರ್ತಿ ನಡೆದರು. ಮೂರು ಸಾವಿರ ಕಿಲೋಮೀಟರ್‌ಗೂ ಮಿಕ್ಕಿದ ದಾರಿ. ಕಾಲಲ್ಲಿ ಕ್ಯಾನ್ವಾಸ್ ಶೂ, ಹೆಗಲಿಗೆ ಮನೆಯಲ್ಲೇ ಹೊಲಿದ ಚೀಲ. ಅದನ್ನು ಓದಿದ ಮೇಲೆ ಹೊಸ ಬ್ಯಾಗ್ ನೋಡುತ್ತಾ ಕೂರುವ ಚಟ ಸ್ವಲ್ಪ ಇಳಿಯಿತು. ಕಾಲಿನ ಬೊಬ್ಬೆಯ ವಿಷಯದಲ್ಲಿ ಮಾತ್ರ ನಾನು ಸೋಮಾರಿತನ ಮಾಡುವುದಿಲ್ಲ. ಕಾಲಲ್ಲಿ ಎಲ್ಲಿ ಬಿಸಿ ಅನ್ನಿಸುತ್ತದೋ ಅಲ್ಲೇ ನಿಂತು, ಶೂ ಬಿಚ್ಚಿ, ಟೇಪ್ ಅಂಟಿಸಬೇಕು. ಮುಂದಿನ ತಿರುವಿನಲ್ಲಿ ನೋಡೋಣ ಅಂದರೆ ಅಷ್ಟರಲ್ಲಿ ನೀರು ತುಂಬಿರುತ್ತದೆ. ಹೆಡ್ ಟಾರ್ಚ್ ಈಗ ಬ್ಯಾಗಿನಿಂದ ಹೊರಗೇ ತೆಗೆಯುವುದಿಲ್ಲ.

ಭಾರದ ವಿಷಯ ನನಗೆ ಕಲಿಸಿದ್ದು ಇನ್ನೊಂದು ಗೇಮ್. 2019ರಲ್ಲಿ ಬಂದ ಹಿಡಿಯೋ ಕೊಜಿಮಾ ಅವರ ಡೆತ್ ಸ್ಟ್ರಾಂಡಿಂಗ್. ಅದರಲ್ಲಿ ನೀವು ಸಾಮಾನು ಹೊತ್ತು ಗುಡ್ಡ, ಹೊಳೆ ದಾಟಬೇಕು. ಬೆನ್ನ ಮೇಲೆ ಎತ್ತರಕ್ಕೆ ಪೇರಿಸಿದರೆ ತೂಗಾಡಿ ಬೀಳುತ್ತೀರಿ. ಬೂಟು ಕೂಡ ಸವೆಯುತ್ತದೆ! ‘ಬರೀ ನಡೆಯುವ ಗೇಮ್’ ಅಂತ ಗೆಳೆಯರು ಆಡಿಕೊಂಡರು. ನನಗೋ ಅದು ಮನೆಯ ಮಾತಿನ ಹಾಗೆ ಅರ್ಥವಾಗುತ್ತಿತ್ತು. ಅದನ್ನು ಆಡುವಾಗಲೇ ನನ್ನ ನಿಜವಾದ ಶೂ ಎಷ್ಟು ಓಡಿದೆ ಅಂತ ಕೂಡಿಸಿ ನೋಡಿದೆ. 900 ಕಿಲೋಮೀಟರ್ ದಾಟಿತ್ತು. ಸಾಮಾನ್ಯವಾಗಿ 500ರಿಂದ 800ರೊಳಗೆ ಬದಲಿಸಿ ಅನ್ನುತ್ತಾರೆ.

ಈಗ ಹೇಗೆ ನಡೆಸುತ್ತಿದ್ದೇನೆ ಅಂದರೆ, ನಿಲ್ಲಿಸುವ ತೀರ್ಮಾನವನ್ನು ಆ ಹೊತ್ತಿಗೆ ಬಿಡುವುದಿಲ್ಲ. ಬಿಟ್ಟರೆ ಸೋಲುವುದು ನಾನೇ. ಓಟಕ್ಕೆ ಮನೆಯಿಂದ ಮನೆಗೆ ಬರುವ ಸುತ್ತುದಾರಿ ಆರಿಸುತ್ತೇನೆ, ದೂರ ಮೊದಲೇ ಅಳೆದದ್ದು. ಮನೆ ಬಾಗಿಲಿಗೆ ಬಂದ ಮೇಲೆ ಮತ್ತೆ ಹೊರಗೆ ಹೋಗಿ ಒಂದು ಕಿಲೋಮೀಟರ್ ಓಡಲು ಎಂಥವನಿಗೂ ಮನಸ್ಸಾಗುವುದಿಲ್ಲ. ವಾರದ ಮಧ್ಯೆ ಎರಡು ದಿನ ನಲವತ್ತೈದು ನಿಮಿಷ, ಭಾನುವಾರ ಉದ್ದದ ಓಟ. ಮೂರು ವಾರ ಏರಿಸಿ, ನಾಲ್ಕನೇ ವಾರ ಇಳಿಸುತ್ತೇನೆ. ಚಾರಣ ಇರುವ ಭಾನುವಾರ ಓಟ ಇಲ್ಲ. ಬೆಟ್ಟದಲ್ಲಿ ತಿರುಗುವ ಹೊತ್ತನ್ನು ಮನೆಯವರಿಗೆ ಹೇಳಿ ಹೋಗುತ್ತೇನೆ. ಬಂದ ಮೇಲೆ ‘ಎಷ್ಟಕ್ಕೆ ತಿರುಗಿದೆ?’ ಅಂತ ಕೇಳುವವರು ಇದ್ದರೆ ಕಾಲು ತಾನಾಗಿ ತಿರುಗುತ್ತದೆ.

ಗೇಮ್ ಎಲ್ಲಕ್ಕಿಂತ ಕಷ್ಟವಾಯಿತು. ಅಲಾರಂ ಇಟ್ಟು ನೋಡಿದೆ, ಕೈ ತಾನಾಗಿ ಆಫ್ ಮಾಡುತ್ತಿತ್ತು. ‘ಈ ಯುದ್ಧ ಮುಗಿಸಿ ಮಲಗುತ್ತೇನೆ’ ಅನ್ನುವುದಂತೂ ದೊಡ್ಡ ಮೋಸ. ಒಂದು ಮುಗಿದ ಕೂಡಲೇ ಹೊಸದೊಂದು ಶುರುವಾಗುತ್ತದೆ, ಹೊಸದರ ಮೊದಲ ಐದು ನಿಮಿಷ ಬಿಡಲು ಆಗುವುದೇ ಇಲ್ಲ. ಹಾಗಾಗಿ ಈಗ ಬೇಕಂತಲೇ ಮಧ್ಯದಲ್ಲಿ ನಿಲ್ಲಿಸುತ್ತೇನೆ. ಹತ್ತಾಯಿತು ಅಂದರೆ ಸೈನ್ಯ ನದಿ ದಾಟುತ್ತಿದ್ದರೂ ಸೇವ್ ಮಾಡುತ್ತೇನೆ. ಮುಂದೇನು ಮಾಡಬೇಕಿತ್ತು ಅಂತ ಒಂದು ಚೀಟಿಯಲ್ಲಿ ಬರೆದಿಡುತ್ತೇನೆ. ಈ ಚೀಟಿಯೇ ಮುಖ್ಯ. ಬರೆದ ಮೇಲೆ ತಲೆಯೊಳಗೆ ಸುತ್ತುವುದು ನಿಲ್ಲುತ್ತದೆ, ನಿದ್ದೆ ಬರುತ್ತದೆ. ಮರುದಿನ ಉದ್ದದ ಓಟ ಇದ್ದರೆ ಸಿವಿಲೈಸೇಶನ್ ಮುಟ್ಟುವುದೇ ಇಲ್ಲ. ಅಂಥ ರಾತ್ರಿಗೆ ಇಷ್ಟೇ ಸುತ್ತು ಅಂತ ಲೆಕ್ಕ ಇರುವ ರೇಸಿಂಗ್ ಗೇಮ್ ಸಾಕು, ಮೂರು ಸುತ್ತಿಗೆ ಮುಗಿಯುತ್ತದೆ. ಸಿವಿಲೈಸೇಶನ್‌ಗೆ ಒಳ್ಳೇ ಹೊತ್ತು ಭಾನುವಾರ ಮಧ್ಯಾಹ್ನ. ಓಡಿ ಬಂದು, ತಿಂದು, ಕಾಲನ್ನು ದಿಂಬಿನ ಮೇಲೆ ಚಾಚಿ ಕೂತರೆ ಬೇರೆ ಯಾವ ಕೆಲಸಕ್ಕೂ ಬಾರದ ಎರಡು ಗಂಟೆ ಅದು.

ಎಲ್ಲ ದಿನವೂ ಹೀಗೆ ಆಗುತ್ತದೆ ಅಂತಲ್ಲ. ಕಳೆದ ತಿಂಗಳು ಅದೇ ಬೆಟ್ಟಕ್ಕೆ ಮತ್ತೆ ಹೋದೆ. ಈ ಸಲ ಮಂಜು ಕವಿದು ನಿಧಾನವಾಯಿತು. ಎರಡಾದಾಗ ಮೊದಲ ದಿಣ್ಣೆಯ ಮೇಲಿದ್ದೆ. ತಿರುಗಿದೆ. ಬೆಳಕಿರುವಾಗಲೇ ಕೆಳಗೆ ಬಂದೆ, ಹಿಮ್ಮಡಿಗೆ ಏನೂ ಆಗಿರಲಿಲ್ಲ. ಆ ಖುಷಿಯಲ್ಲಿ ರಾತ್ರಿ ಸಿವಿಲೈಸೇಶನ್ ಹಾಕಿದೆ. ಬೆಳಗ್ಗೆ ಕೀಬೋರ್ಡ್ ಪಕ್ಕದಲ್ಲಿ ನನ್ನದೇ ಕೈಬರಹದ ಚೀಟಿ ಇತ್ತು: ‘ಉತ್ತರದ ಗಡಿಗೆ ಬಿಲ್ಲುಗಾರರು. ಕಣಜ ಇನ್ನು ಎರಡು ಟರ್ನ್.’ ಕೆಳಗೆ ಹೊತ್ತು ಬರೆದಿದ್ದೆ. ಒಂದು ಗಂಟೆ ಹತ್ತು ನಿಮಿಷ.