ಕಂಪ್ಯೂಟರ್ ‘ಆಗಲ್ಲ’ ಅಂದರೆ ಕಾರಣ ಕೇಳುವುದು ಹೇಗೆ?

ಸಿಂಧನೂರಿನಲ್ಲಿ ಹೊಲಿಗೆ ಅಂಗಡಿ ಇಡಲು ಸಾಲ ಕೇಳಿದರೆ ‘ಸಿಸ್ಟಂ ತಗೊಳ್ತಿಲ್ಲಮ್ಮ’ ಅಂತಾರೆ. ಕುಷ್ಟಗಿಯಲ್ಲಿ ಅಜ್ಜಿಯ ಪಿಂಚಣಿ ಯಾಕೆ ನಿಂತಿತು ಎಂದು ಕೇಳಿದರೂ ಅದೇ ಉತ್ತರ. ಕೇಳಿ ಸುಮ್ನೆ ವಾಪಸ್ ಬರಬೇಡಿ. ಆ ಸಿಸ್ಟಂ ಹಿಂದೆ ಒಂದು ಬ್ಯಾಂಕೋ ಇಲಾಖೆಯೋ ಇದೆ, ಕಾರಣ ಹೇಳಬೇಕಾದದ್ದು ಅವರು.

ಅರ್ಜಿ ನೋಡಿ ತೀರ್ಮಾನ ಹೇಳುವ ಈ ಕಂಪ್ಯೂಟರ್ ಯಂತ್ರ ಜಾತಿ ಕೇಳಲ್ಲ, ಹೆಣ್ಣು ಗಂಡು ನೋಡಲ್ಲ, ಹಾಗಾಗಿ ಭೇದ ಮಾಡಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಯಂತ್ರ ಕಲಿಯುವುದು ಹಳೆಯ ದಾಖಲೆಗಳಿಂದ. ಅಮೆಜಾನ್ ಕಂಪನಿ ನೇಮಕಾತಿಗೆಂದು ಮಾಡಿಸಿದ್ದ ಸಾಫ್ಟ್‌ವೇರ್ ಹೆಣ್ಣುಮಕ್ಕಳ ಅರ್ಜಿಗಳನ್ನು ಕೆಳಗೆ ತಳ್ಳುತ್ತಿತ್ತು, ಯಾಕಂದರೆ ಅದು ಕಲಿತ ಹಳೆಯ ಅರ್ಜಿಗಳಲ್ಲಿ ಗಂಡಸರದೇ ಜಾಸ್ತಿ. 2018ರಲ್ಲಿ ಈ ಸುದ್ದಿ ಹೊರಬಂತು. ನಮ್ಮ ಕಡೆ ದೇವದುರ್ಗ, ಮಸ್ಕಿಯಿಂದ ಗುಳೆ ಹೋಗುವವರ ಸ್ಥಿತಿ ನೋಡಿ. ವಿಳಾಸ ಊರಿನದು, ಮೊಬೈಲ್ ಇರುವುದು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ, ಕೂಲಿ ಬರುವುದು ಕೈಗೆ, ಖಾತೆಯಲ್ಲಿ ತಿಂಗಳುಗಟ್ಟಲೆ ಏನೂ ಇಲ್ಲ. ಅಂಥ ಖಾತೆ ಯಂತ್ರಕ್ಕೆ ನಂಬಿಕೆಗೆ ಯೋಗ್ಯವಲ್ಲ ಎಂದು ಕಂಡರೆ, ವರ್ಷವಿಡೀ ದುಡಿದವರೇ ಸಾಲಕ್ಕೆ ಹೊರಗಾಗುತ್ತಾರೆ.

ಕೃಷ್ಣಾ ದಾಟಿದರೆ ತೆಲಂಗಾಣ. ಅಲ್ಲಿ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಹೆಸರು ವಿಳಾಸ ನೋಡಿ ಜೋಡಿಸಿತು. ರಿಕ್ಷಾ ಓಡಿಸುತ್ತಿದ್ದವರೊಬ್ಬರ ಹೆಸರು ಯಾರದೋ ಕಾರಿಗೆ ಹೊಂದಿಕೊಂಡಿತು, ಆ ಮನೆಗೆ ರೇಷನ್ ಸಿಗಲಿಲ್ಲ. 2014ರಿಂದ 2019ರ ನಡುವೆ ಆ ರಾಜ್ಯದಲ್ಲಿ 18 ಲಕ್ಷಕ್ಕೂ ಹೆಚ್ಚು ಕಾರ್ಡು ರದ್ದಾದವು. ಎಲ್ಲವೂ ಈ ಯಂತ್ರದಿಂದಲೇ ಅಲ್ಲ, ಆದರೂ ಮನೆಗೆ ಹೋಗಿ ನೋಡಿ ಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಸರಿ, ಏನು ಮಾಡಬೇಕು? ಮೊದಲು ಕಾರಣವನ್ನು ಬರಹದಲ್ಲಿ ಕೇಳಿ. ಸಾಲದ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರೆದು ಕೊಡಬೇಕು ಎಂದು ಆರ್‌ಬಿಐ (ರಿಸರ್ವ್ ಬ್ಯಾಂಕ್) ಬ್ಯಾಂಕುಗಳಿಗೆ ಹೇಳಿದೆ. ಸರ್ಕಾರಿ ಯೋಜನೆಯಾದರೆ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಇದೆ, ತೀರ್ಮಾನದಿಂದ ತೊಂದರೆಗೊಳಗಾದವರಿಗೆ ಕಾರಣ ಕೊಡುವುದು ಇಲಾಖೆಯ ಹೊಣೆ. ಆ ಕಾಯ್ದೆಯಡಿ ಹಾಕುವ ಅರ್ಜಿಯ ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆದ್ದರಿಂದ ಗೋಳು ಹೇಳಿಕೊಳ್ಳದೆ ನೇರವಾಗಿ ಕೇಳಿ: ನನ್ನ ಅರ್ಜಿಯನ್ನು ಯಾವ ಮಾಹಿತಿ ನೋಡಿ ತಿರಸ್ಕರಿಸಲಾಯಿತು, ಆ ಮಾಹಿತಿ ಎಲ್ಲಿಂದ ಬಂತು, ಅದನ್ನು ಪರಿಶೀಲಿಸಿದ ಅಧಿಕಾರಿಯ ಹುದ್ದೆ ಯಾವುದು?

ಆಮೇಲೆ ನಿಮ್ಮ ದಾಖಲೆ ನೋಡಿ. ಯಾರು ಎಷ್ಟು ಸಾಲ ಮಾಡಿದರು, ತೀರಿಸಿದರು ಎಂಬ ದಾಖಲೆ ಇಡುವ ಸಿಬಿಲ್‌ನಂಥ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತೀರಿಸಿದ ಸಾಲ ಬಾಕಿ ಎಂದಿದ್ದರೆ ಆ ಸಂಸ್ಥೆಗೆ ದೂರು ಕೊಡಿ. 30 ದಿನದಲ್ಲಿ ಪರಿಹರಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ.

ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರ ಕೊಡದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ಬರೆಯಿರಿ, ಖರ್ಚಿಲ್ಲ. ಇಲ್ಲೊಂದು ಎಚ್ಚರ. ‘ನನಗೆ ಸಾಲ ಕೊಡಿಸಿ’ ಎಂದು ಬರೆದರೆ ದೂರು ಬಿದ್ದುಹೋಗುತ್ತದೆ, ಸಾಲ ಕೊಡುವುದು ಬಿಡುವುದು ಬ್ಯಾಂಕಿನ ವ್ಯವಹಾರ ಅನ್ನುತ್ತಾರೆ. ‘ಕಾರಣ ಕೊಡಲಿಲ್ಲ’, ‘ತಪ್ಪು ಮಾಹಿತಿ ತಿದ್ದಲಿಲ್ಲ’ ಎಂದು ಬರೆಯಿರಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮುಂದಿನ ಕೆಲಸ, ಜನ ಮಾಡದೇ ಇರುವುದೂ ಅದನ್ನೇ. ಭೇದ ಒಬ್ಬರ ಅರ್ಜಿಯಲ್ಲಿ ಕಾಣುವುದಿಲ್ಲ, ನೂರು ಅರ್ಜಿ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಮಹಿಳಾ ಸಂಘದ ಸಭೆಯಲ್ಲಿ ಒಂದು ನೋಟ್‌ಬುಕ್ ಇಡಿ. ಯಾರು ಎಷ್ಟು ಕೇಳಿದರು, ದುಡಿಮೆ ಎಷ್ಟು, ಯಾವ ಓಣಿ, ಸಿಕ್ಕಿತೋ ಇಲ್ಲವೋ, ಏನು ಹೇಳಿ ಕಳಿಸಿದರು. ಒಂದೇ ದುಡಿಮೆ ಇದ್ದೂ ಒಂದು ಓಣಿಯವರಿಗೆ ಸಿಕ್ಕಿ ಇನ್ನೊಂದು ಓಣಿಗೆ ಸಿಗದಿದ್ದರೆ ಆ ಪುಟವೇ ನಿಮ್ಮ ಸಾಕ್ಷಿ. ಅದನ್ನು ಹಿಡಿದು ಎಲ್ಲರೂ ಸೇರಿ ದೂರು ಕೊಡಿ.

ಕಾನೂನಿನಲ್ಲಿ ದೊಡ್ಡ ಕೊರತೆ ಇದೆ. ಸಂವಿಧಾನದ 15ನೇ ವಿಧಿ ಸರ್ಕಾರ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ನೋಡಿ ಭೇದ ಮಾಡದಂತೆ ತಡೆಯುತ್ತದೆ, ಖಾಸಗಿ ಸಾಲದ ಆ್ಯಪ್‌ಗೆ ಅದು ನೇರವಾಗಿ ತಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಮಾಹಿತಿ ತಿದ್ದಿಸುವ ಹಕ್ಕಿದೆ, ಯಂತ್ರದ ತೀರ್ಮಾನವನ್ನು ಮನುಷ್ಯರು ಮತ್ತೆ ನೋಡಲೇಬೇಕು ಎಂಬ ಹಕ್ಕಿಲ್ಲ. ಯುರೋಪಿನಲ್ಲಿ ಅಂಥ ಹಕ್ಕು 2018ರಿಂದಲೇ ಇದೆ. 2024ರಲ್ಲಿ ಬಂದ ಅವರ ಎಐ (ಹೀಗೆ ಕಲಿತು ತೀರ್ಮಾನ ಹೇಳುವ ಯಂತ್ರಗಳ) ಕಾಯ್ದೆ ಸಾಲಕ್ಕೆ ಯೋಗ್ಯರೋ ಎಂದು ಕೊಡುವ ಅಂಕ, ಕೆಲಸದ ನೇಮಕಾತಿ ಇವನ್ನೆಲ್ಲ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ.

ನಮಗೂ ಬೇಕು. ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಶಾಸಕರಿಗೂ ಸಂಸದರಿಗೂ ಕಳಿಸಿ. ಯಂತ್ರ ಬಳಸುವ ಮೊದಲು ಜಿಲ್ಲೆ, ಜಾತಿ, ಲಿಂಗವಾರು ಪರೀಕ್ಷೆ ಮಾಡಿ ಫಲಿತಾಂಶ ಪ್ರಕಟಿಸಬೇಕು. ತಿರಸ್ಕಾರದ ಕಾರಣ ಕನ್ನಡದಲ್ಲಿ ಬರಬೇಕು. ರೇಷನ್, ಪಿಂಚಣಿ ನಿಲ್ಲಿಸುವ ಮೊದಲು ಒಬ್ಬರು ಮನೆಗೆ ಬಂದು ನೋಡಬೇಕು. ಯಂತ್ರದ ಮಾತನ್ನು ತಳ್ಳಿಹಾಕುವ ಅಧಿಕಾರ ಇರುವ ಒಬ್ಬ ಅಧಿಕಾರಿ ತಾಲೂಕು ಮಟ್ಟದಲ್ಲೇ ಸಿಗಬೇಕು.